ಎಂಟು ಬಿಟ್ಟಿನ ಡಾಂಗಲ್‌ಗೆ ಹೈಡ್ರೋಜನ್ ಸಿಕ್ಕಿತು: ನನ್ನ ಅನುಭವ

ಮೇ ಮೊದಲ ವಾರ. ಬೆಳಗಿನ ಜಾವ ಐದು ಗಂಟೆಗೆ ಹತ್ತು ನಿಮಿಷ ಇತ್ತು. ಅಡಿಕೆ ಒಣಗಿಸುವ ಅಂಗಳದಲ್ಲಿ ಕಹಳೆ ಬಾಯಿಯಂಥ ನನ್ನ ಹಾರ್ನ್ ಆಂಟೆನಾ ನೆತ್ತಿಗೆ ಮುಖ ಮಾಡಿ ನಿಂತಿತ್ತು. ಲ್ಯಾಪ್‌ಟಾಪಿನಲ್ಲಿ ನೇರ ಗೆರೆಯ ಮೇಲೆ ಒಂದು ಗುಡ್ಡ ಎದ್ದಿತ್ತು. ಎತ್ತರ 0.7 ಡಿಬಿ (ಪವರ್ ಹೋಲಿಸುವ ಡೆಸಿಬೆಲ್ ಅಳತೆ) ಇರಬಹುದು. ಒಂದು ತುದಿ 1420.4 ಮೆಗಾಹರ್ಟ್ಸ್ ಹತ್ತಿರ, ಇನ್ನೊಂದು ಅದಕ್ಕಿಂತ ಸುಮಾರು 250 ಕಿಲೋಹರ್ಟ್ಸ್ ಕೆಳಗೆ. ಆಕಾಶಗಂಗೆಯ ಹೈಡ್ರೋಜನ್! ಅದು 1420.4 ಮೆಗಾಹರ್ಟ್ಸ್‌ನಲ್ಲಿ ಸೂಸುವ ರೇಡಿಯೋ ಅಲೆಗೆ ಹೈಡ್ರೋಜನ್ ಗೆರೆ ಅನ್ನುತ್ತಾರೆ. ಎರಡು ವರ್ಷ ಕಾದದ್ದು ಇದಕ್ಕೇ.

ನಾನು ಸಾಗರ ತಾಲ್ಲೂಕಿನವನು. ಟಿವಿ, ಇನ್ವರ್ಟರ್ ರಿಪೇರಿ ನನ್ನ ಕೆಲಸ. ಇದು ಆಗುತ್ತೆ ಅಂತ ನಂಬಿದವರು ಯಾರೂ ಇರಲಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯನೊಬ್ಬ ನೇರವಾಗಿ ಹೇಳಿದ್ದ: "ಮಾರಾಯ, ಎಂಟು ಬಿಟ್ಟಿನ ಟಿವಿ ಡಾಂಗಲ್ ಅದು. ನಿನ್ನ ಸಿಗ್ನಲ್ಲು ನಾಯ್ಸ್‌ನ ಅಡಿಯಲ್ಲಿ ಇರುತ್ತೆ. ಕೊನೆಯ ಬಿಟ್‌ಗಿಂತ ಸಣ್ಣದನ್ನ ಹೇಗೆ ಅಳೀತೀಯ?" ಎಂಟು ಬಿಟ್ ಅಂದರೆ ಸಿಗ್ನಲ್ಲನ್ನು ಬರೀ 256 ಮೆಟ್ಟಿಲುಗಳಲ್ಲಿ ಅಳೆಯುವುದು, ಹಾಗಾಗಿ ಅವನ ಪ್ರಶ್ನೆ ಸರಿಯಾದದ್ದೇ. ಉತ್ತರ ಸಿಗಲು ನನಗೆ ಹದಿನಾಲ್ಕೂವರೆ ಸಾವಿರ ರೂಪಾಯಿ ಖರ್ಚಾಯಿತು. ಡಾಂಗಲ್ (ಲ್ಯಾಪ್‌ಟಾಪಿಗೆ ಚುಚ್ಚುವ ರಿಸೀವರ್), ಎಫ್ಎಫ್‌ಟಿ (ಸಿಗ್ನಲ್ಲನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ), ಪೈಥಾನ್ ಎಲ್ಲಾ ಕೈಯಾಡಿಸಿದವರಿಗೆ ಅಂತ ಬರೆಯುತ್ತಿದ್ದೇನೆ. ಹಾಗಾಗಿ ಅವುಗಳ ಉದ್ದ ವಿವರಣೆ ಇಲ್ಲ.

ಮೊದಲು ತಲೆಯಲ್ಲಿ ಕೂತಿದ್ದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾಯ್ಸ್ ಅಂದರೆ ಕಸ, ಗುಡಿಸಿದರೆ ಅಡಿಯಲ್ಲಿ ಸಿಗ್ನಲ್ ಇರುತ್ತೆ ಅಂದುಕೊಂಡಿದ್ದೆ. ಇಲ್ಲಿ ಹಾಗಲ್ಲ. ಹೈಡ್ರೋಜನ್ನಿಂದ ಬರುವುದೂ ನಾಯ್ಸೇ. ಎಲ್ಎನ್ಎ (ಆಂಟೆನಾದ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಆಂಪ್ಲಿಫೈಯರ್) ಹುಟ್ಟಿಸುವುದೂ ನಾಯ್ಸ್, ನೆಲದಿಂದ ಬರುವುದೂ ನಾಯ್ಸ್. ಒಂದೊಂದು ಸ್ಯಾಂಪಲ್ ನೋಡಿದರೆ ಯಾವುದು ಯಾವುದು ಅಂತ ಯಾರಿಗೂ ಹೇಳಲಿಕ್ಕೆ ಆಗಲ್ಲ. ಒಂದೇ ವ್ಯತ್ಯಾಸ: 1420ರ ಆಸುಪಾಸಿನ ಕೆಲವು ಬಿನ್‌ಗಳಲ್ಲಿ (ಫ್ರೀಕ್ವೆನ್ಸಿಯ ಸಣ್ಣ ತುಂಡುಗಳಲ್ಲಿ) ಪವರ್ ಸ್ವಲ್ಪ ಜಾಸ್ತಿ. ಆ "ಸ್ವಲ್ಪ"ವನ್ನು ಫಿಲ್ಟರ್ ಹಾಕಿ ಹಿಡಿಯಲು ಆಗಲ್ಲ. ಎಣಿಸಿಯೇ ಹಿಡಿಯಬೇಕು.

ಇದು ಗೊತ್ತಿಲ್ಲದೆ ಮೊದಲ ಆರು ತಿಂಗಳು ಉದ್ದ ಎಫ್ಎಫ್‌ಟಿ ಹಾಕುತ್ತಾ ಕೂತೆ. ಬಿನ್‌ಗಳನ್ನು 1024ರಿಂದ 65,536ಕ್ಕೆ ಏರಿಸಿದೆ. ಗೆರೆ ಅಷ್ಟೇ ಒರಟು! ಲ್ಯಾಪ್‌ಟಾಪ್ ಬಿಸಿಯಾದದ್ದೊಂದೇ ಬಂದ ಲಾಭ. ಕಾರಣ ಆಮೇಲೆ ಗೊತ್ತಾಯಿತು. ನಾಯ್ಸ್‌ನ ಒಂದೇ ಒಂದು ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಪವರ್ ಅನ್ನುವ ಚಿತ್ರ) ತೆಗೆದರೆ ಪ್ರತಿ ಬಿನ್ನಿನ ಏರಿಳಿತ ಅದರ ಸರಾಸರಿಯಷ್ಟೇ ಇರುತ್ತೆ. ಎಷ್ಟು ಉದ್ದದ ಎಫ್ಎಫ್‌ಟಿ ಹಾಕಿದರೂ ಅಷ್ಟೇ. ಬಿನ್‌ಗಳ ಸಂಖ್ಯೆ ಹೆಚ್ಚುತ್ತೆ, ಒರಟುತನ ಇಳಿಯಲ್ಲ. ಅದು ಇಳಿಯಬೇಕಾದರೆ ಸ್ಪೆಕ್ಟ್ರಮ್‌ಗಳನ್ನು ಒಂದರ ಮೇಲೊಂದು ಕೂಡಿಸಬೇಕು. ನೂರು ಕೂಡಿಸಿದರೆ ಏರಿಳಿತ ಹತ್ತನೇ ಒಂದು ಭಾಗ. ಹತ್ತು ಸಾವಿರ ಕೂಡಿಸಿದರೆ ನೂರನೇ ಒಂದು ಭಾಗ. ಸೆಕೆಂಡಿಗೆ 2.4 ಮೆಗಾಸ್ಯಾಂಪಲ್ (24 ಲಕ್ಷ ಅಳತೆ), 1024 ಬಿನ್ ಅಂದರೆ ಸೆಕೆಂಡಿಗೆ 2,300 ಚಿಲ್ಲರೆ ಸ್ಪೆಕ್ಟ್ರಮ್. ಐದು ನಿಮಿಷಕ್ಕೆ ಏಳು ಲಕ್ಷ. ಆಗ ಏರಿಳಿತ ಶೇಕಡಾ 0.12ಕ್ಕೆ ಬರುತ್ತೆ.

ಎರಡನೇ ತಪ್ಪು ನೇರ ಜೇಬಿಗೆ ಬಿತ್ತು. ಡಿಬಿ ಮಾಡಿದ ಮೇಲೆ ಸರಾಸರಿ ತೆಗೆಯುತ್ತಿದ್ದೆ. ಪರದೆಯಲ್ಲಿ ಕಾಣುವುದು ಡಿಬಿ, ಹಾಗಾಗಿ ಅದನ್ನೇ ಕೂಡಿಸಿದೆ. ಒಂದು ದಿನ ಸುಮ್ನೆ ತಾಳೆ ನೋಡೋಣ ಅಂತ ಸ್ಯಾಂಪಲ್‌ಗಳ ವರ್ಗ ಕೂಡಿಸಿ ಒಟ್ಟು ಪವರ್ ಲೆಕ್ಕ ಹಾಕಿದೆ. ಸ್ಪೆಕ್ಟ್ರಮ್‌ನ ಮೊತ್ತಕ್ಕೂ ಇದಕ್ಕೂ 2.5 ಡಿಬಿ ವ್ಯತ್ಯಾಸ. ಡಾಂಗಲ್ ಕೆಟ್ಟಿದೆ ಅಂದುಕೊಂಡು 3,200 ಕೊಟ್ಟು ಇನ್ನೊಂದು ತರಿಸಿದೆ. ಅದರಲ್ಲೂ ಅದೇ 2.5. ಲಾಗ್ ತೆಗೆದಾಗ ತಗ್ಗುಗಳು ತುಂಬಾ ಆಳವಾಗುತ್ತವೆ, ಅವೇ ಸರಾಸರಿಯನ್ನು ಕೆಳಗೆ ಎಳೆಯುತ್ತವೆ. ಏರಿಳಿತವೂ ಜಾಸ್ತಿಯಾಗುತ್ತೆ. ಅಷ್ಟೇ ನಯವಾದ ಗೆರೆಗೆ ಒಂದೂವರೆ ಪಟ್ಟಿಗಿಂತ ಹೆಚ್ಚು ಸಮಯ ಬೇಕಾಗುತ್ತೆ. ಮೊದಲು ಪವರ್ ಕೂಡಿಸಿ, ಡಿಬಿ ಕೊನೆಗೆ. ಎರಡು ಸಾಲಿನ ತಿದ್ದುಪಡಿ. ಆ ಎರಡನೇ ಡಾಂಗಲ್ ಇನ್ನೂ ಡಬ್ಬಿಯಲ್ಲೇ ಇದೆ.

ಹಾರ್ನ್ ವಿಷಯಕ್ಕೆ ಬರುತ್ತೇನೆ. 15 ಕೆಜಿ ಎಣ್ಣೆ ಟಿನ್ನಿನಲ್ಲಿ ಶುರು ಮಾಡಿದೆ. ಅದು ಈ ಕೆಲಸಕ್ಕೆ ಅಗಲ ಜಾಸ್ತಿ. 1420ರಲ್ಲಿ ಒಳಗೆ ಬೇರೆ ಮೋಡ್‌ಗಳೂ (ಅಲೆ ಸಾಗುವ ಬೇರೆ ರೀತಿಗಳೂ) ಓಡುತ್ತವೆ. ಆಮೇಲೆ 16 ಸೆಂಟಿಮೀಟರ್ ಅಗಲದ ಸಣ್ಣ ಟಿನ್ ಸಿಕ್ಕಿತು. ಪ್ರೋಬ್ (ಟಿನ್ನಿನೊಳಗೆ ಸಿಗ್ನಲ್ ಹಿಡಿಯುವ ಕಂಬಿ) ಹಿಂಬದಿಯ ತಗಡಿನಿಂದ 7 ಸೆಂಟಿಮೀಟರ್ ಮುಂದಕ್ಕೆ. ಪ್ರೋಬಿನ ಉದ್ದ 5ರ ಆಸುಪಾಸು. ಅದರ ತುದಿಗೆ ನಾನು ಏನು ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ಒಂದು ತಿಂಗಳು ಕೂತಿದ್ದೇನೆ. ಹಾರ್ನಿನ ರೆಕ್ಕೆಗಳು ಮಾಡಿನ ಕೆಳಗೆ ಹಾಕುವ ಬೆಳ್ಳಿ ಬಣ್ಣದ ಇನ್ಸುಲೇಷನ್ ಶೀಟಿನವು. ಬಾಯಿ 75ಕ್ಕೆ 60 ಸೆಂಟಿಮೀಟರ್. ಎಲ್ಲಾ ಸೇರಿ 800 ರೂಪಾಯಿ.

1951ರ ಮಾರ್ಚ್ 25ರಂದು ಈ ಹೈಡ್ರೋಜನ್ ಗೆರೆಯನ್ನು ಮೊದಲ ಬಾರಿಗೆ ಹಿಡಿದ ಹಾರ್ವರ್ಡ್‌ನ ಯುವೆನ್ ಮತ್ತು ಪರ್ಸೆಲ್ ಅವರದ್ದೂ ಪ್ಲೈವುಡ್ಡಿಗೆ ತಾಮ್ರದ ತಗಡು ಹೊದಿಸಿದ ಹಾರ್ನೇ. ಅವರಿಗೆ ಸಿಕ್ಕಿದ್ದ ಅನುದಾನ 500 ಡಾಲರ್. ಕಿಟಕಿಯ ಹೊರಗೆ ಚಾಚಿದ್ದ ಆ ಹಾರ್ನಿನೊಳಗೆ ಮಳೆ ನೀರು ತುಂಬಿ ಲ್ಯಾಬಿಗೇ ನುಗ್ಗಿತ್ತಂತೆ. ಮಲೆನಾಡಿನವರಿಗೆ ಇದು ಹೇಳದೆಯೇ ಅರ್ಥವಾಗುತ್ತೆ ಅಲ್ವಾ.

ಮೊದಲ ಎಲ್ಎನ್ಎ 600 ರೂಪಾಯಿಯದ್ದು, ಫಿಲ್ಟರ್ ಇಲ್ಲದ್ದು. ಮನೆಯಿಂದ ಅರ್ಧ ಕಿಲೋಮೀಟರಿನಲ್ಲಿ ಮೊಬೈಲ್ ಟವರ್ ಇದೆ. 900 ಮೆಗಾಹರ್ಟ್ಸ್ ಬಂದು ಬಡಿದು ಎಲ್ಎನ್ಎ ಕಿವುಡಾಗುತ್ತಿತ್ತು. ಅದು ಸುಟ್ಟುಹೋದ ಮೇಲೆ ಅಂಥದ್ದೇ ಇನ್ನೊಂದು ತಂದದ್ದು ಇನ್ನೊಂದು ತಪ್ಪು. ಕೊನೆಗೆ ಹೈಡ್ರೋಜನ್ ಗೆರೆಗೆಂದೇ ಫಿಲ್ಟರ್ ಹಾಕಿ ಮಾಡಿದ್ದನ್ನು 4,500ಕ್ಕೆ ತರಿಸಿದೆ. ಅದನ್ನೂ ಮೊದಲು ಮನೆಯೊಳಗೆ ಇಟ್ಟಿದ್ದೆ. ಹಾರ್ನಿನಿಂದ ಅಲ್ಲಿಗೆ ಎಂಟು ಮೀಟರ್ ಡಿಶ್ ಕೇಬಲ್. ಹಾರ್ನನ್ನು ನೆಲಕ್ಕೆ ತಿರುಗಿಸಿದಾಗಿನ ಪವರಿಗೂ ಆಕಾಶಕ್ಕೆ ತಿರುಗಿಸಿದಾಗಿನ ಪವರಿಗೂ ಬರೀ 2.2 ಡಿಬಿ ವ್ಯತ್ಯಾಸ. ನೆಲ 300 ಕೆಲ್ವಿನ್, ಆಕಾಶ ಸುಮಾರು 10 ಅಂತ ಹಿಡಿದರೆ ನನ್ನ ರಿಸೀವರಿನ ಸ್ವಂತ ನಾಯ್ಸೇ, ತಾಪದ ಲೆಕ್ಕದಲ್ಲಿ, 430 ಕೆಲ್ವಿನ್ ಆಗುತ್ತೆ. ಎಲ್ಎನ್ಎಯನ್ನು ಟಿನ್ನಿಗೇ ಕಚ್ಚಿಸಿದೆ. ವ್ಯತ್ಯಾಸ 4 ಡಿಬಿಗೆ ಏರಿತು. 430 ಇದ್ದದ್ದು 180ಕ್ಕೆ ಇಳಿಯಿತು. ಇಡೀ ಎರಡು ವರ್ಷದಲ್ಲಿ ಅತಿ ಅಗ್ಗದ ಸುಧಾರಣೆ ಇದೇ. ಖರ್ಚು ಒಂದು ಕನೆಕ್ಟರ್.

ಇಷ್ಟಾದರೂ ಗುಡ್ಡ ಕಾಣಲಿಲ್ಲ. ಡಾಂಗಲ್‌ನ ಸ್ವಂತ ಪಾಸ್‌ಬ್ಯಾಂಡೇ (ಬೇರೆ ಬೇರೆ ಫ್ರೀಕ್ವೆನ್ಸಿಗೆ ಅದು ಎಷ್ಟು ಸ್ಪಂದಿಸುತ್ತೆ ಅನ್ನುವ ಗೆರೆ) ಎರಡು ಡಿಬಿ ಅಂಕುಡೊಂಕು. ಅದರ ಮೇಲೆ 0.7 ಡಿಬಿ ಹುಡುಕುವುದು ಹೇಗೆ? ಇನ್ನೂ ಜಾಸ್ತಿ ಹೊತ್ತು ಕೂಡಿಸೋಣ ಅಂತ ಇಡೀ ರಾತ್ರಿ, ಆರು ಗಂಟೆ ಓಡಿಸಿದೆ. ಮೊದಲಿಗಿಂತ ಕೆಟ್ಟದಾಯಿತು. ಗೆರೆ ನಯವಾಗಿತ್ತು, ಆದರೆ ಬಾಗಿತ್ತು.

ಆಗ ಕೂತು ಒಂದು ಪಟ್ಟಿ ಮಾಡಿದೆ. ಹತ್ತು ಸೆಕೆಂಡ್ ಕೂಡಿಸಿದರೆ ಎಷ್ಟು ಏರಿಳಿತ, ಇಪ್ಪತ್ತಕ್ಕೆ ಎಷ್ಟು, ಐವತ್ತಕ್ಕೆ ಎಷ್ಟು ಅಂತ. ಸುಮಾರು 90 ಸೆಕೆಂಡಿನ ತನಕ ಲೆಕ್ಕದಂತೆ ವರ್ಗಮೂಲದ ಹಾದಿಯಲ್ಲಿ ಇಳಿಯಿತು. ಅಲ್ಲಿಂದ ಮುಂದೆ ಮತ್ತೆ ಏರಲು ಶುರು. ಕಣ್ಣು ತೆರೆಸಿದ್ದು ಆ ಪಟ್ಟಿ. ನಿಜವಾದ ರ‍್ಯಾಂಡಮ್ ನಾಯ್ಸ್ ಸರಾಸರಿಗೆ ಮಣಿಯುತ್ತೆ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ನಿಧಾನಕ್ಕೆ ಜಾರುವುದು ಮಣಿಯಲ್ಲ. ಡಾಂಗಲ್ ಬಿಸಿಯಾಗುತ್ತೆ, ಬೆಳಗಿನ ಜಾವ ಚಳಿಗೆ ತಣ್ಣಗಾಗುತ್ತೆ, ಅದರ ಜೊತೆ ಪಾಸ್‌ಬ್ಯಾಂಡೂ ಅಲುಗುತ್ತೆ. ಡಾಂಗಲನ್ನು ಅಲ್ಯೂಮಿನಿಯಂ ಡಬ್ಬಿಗೆ ಹಾಕಿ, ಡಬ್ಬಿಯನ್ನು ಮೀನಿನ ಅಂಗಡಿಯ ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟೆ. 50 ರೂಪಾಯಿ. 90 ಸೆಕೆಂಡ್ ಇದ್ದದ್ದು ನಾಲ್ಕು ನಿಮಿಷ ದಾಟಿತು.

ಉಳಿದದ್ದಕ್ಕೆ ಹಳೆಯ ಮದ್ದೇ ಸಾಕಾಯಿತು. 1946ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಡಿಕಿ ಆಂಟೆನಾವನ್ನೂ ಗೊತ್ತಿರುವ ತಾಪದ ಒಂದು ಮೂಲವನ್ನೂ ಬೇಗ ಬೇಗ ಬದಲಿಸಿ ನೋಡುವ ದಾರಿ ತೋರಿಸಿದ್ದರು. ಯುವೆನ್, ಪರ್ಸೆಲ್ ಫ್ರೀಕ್ವೆನ್ಸಿಯನ್ನೇ ಆಚೀಚೆ ಸರಿಸಿದರು. ನಾನೂ ಹಾಗೇ ಮಾಡಿದೆ. ಕೆಲವು ಸೆಕೆಂಡ್ ಗೆರೆಯ ಮೇಲೆ, ಕೆಲವು ಸೆಕೆಂಡ್ ಪಕ್ಕಕ್ಕೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಡಾಂಗಲ್‌ನ ಅಂಕುಡೊಂಕು ಹೊರಟುಹೋಗುತ್ತೆ. ಗೆರೆ ನಡು ಬಿನ್ನಿನ ಡಿಸಿ ಮುಳ್ಳಿನ (ಡಾಂಗಲ್ ತಾನೇ ಹುಟ್ಟಿಸುವ ಸುಳ್ಳು ಮುಳ್ಳು) ಮೇಲೆ ಬೀಳದಂತೆ ಟ್ಯೂನ್ ಮಾಡಿಕೊಳ್ಳಿ. ಎಷ್ಟು ಸೆಕೆಂಡ್, ಎಷ್ಟು ಪಕ್ಕಕ್ಕೆ ಅನ್ನುವುದು ಒಬ್ಬೊಬ್ಬರ ಡಾಂಗಲ್‌ಗೆ ಒಂದೊಂದು. ನನ್ನ ಸಂಖ್ಯೆ ಕೊಡಲ್ಲ. ಅರ್ಧ ಸಮಯ ಗೆರೆ ಇಲ್ಲದ ಕಡೆ ನೋಡಿ ಕಳೆದುಹೋಗುತ್ತೆ, ನಿಜ. ಆದರೆ ಮರುದಿನವೇ ಗುಡ್ಡ ಕಂಡಿತು.

ಕಂಡರೆ ಸಾಲದು, ಅದು ಆಕಾಶದ್ದೇ ಅಂತ ಗಟ್ಟಿ ಮಾಡಬೇಕಿತ್ತು. ಹಾರ್ನ್ ಅಲುಗಾಡಿಸದೆ ಹಾಗೇ ಬಿಟ್ಟೆ. ನಮ್ಮ ಊರಿನ ನೆತ್ತಿಯ ಮೇಲೆ ಆಕಾಶಗಂಗೆ ದಿನಕ್ಕೆ ಎರಡು ಸಲ ಹಾಯುತ್ತೆ. ಟವರಿನದ್ದಾದರೆ ದಿನಾ ಅದೇ ಹೊತ್ತಿಗೆ ಬರಬೇಕು, ಇಲ್ಲಾ ಹೊತ್ತುಗೊತ್ತಿಲ್ಲದೆ ಬರಬೇಕು. ನಕ್ಷತ್ರಗಳ ಕಡೆಯದ್ದಾದರೆ ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರಬೇಕು. ಒಂದು ವಾರಕ್ಕೆ ಹೆಚ್ಚೂಕಡಿಮೆ ಅರ್ಧ ಗಂಟೆ ಮುಂಚೆ ಬಂತು. ಅವತ್ತು ಮಗನನ್ನು ಎಬ್ಬಿಸಿ ತೋರಿಸಿದೆ.

ಮಧ್ಯೆ ಬೇರೆ ಆಟಗಳೂ ನಡೆದವು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ತನಕ ನಮ್ಮಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಹತ್ತಿರವೇ ಹಾಯುತ್ತಾನೆ. 12:27ರ ಸುಮಾರಿಗೆ ಒಟ್ಟು ಪವರ್ ಒಂದು ಡಿಬಿಗಿಂತ ಸ್ವಲ್ಪ ಜಾಸ್ತಿ ಏರಿತು. ಭಾಗಿಸಿದ ಗೆರೆ ಮಾತ್ರ ಚಪ್ಪಟೆ. ಸೂರ್ಯನ ನಾಯ್ಸ್ ಇಡೀ ಬ್ಯಾಂಡಿಗೆ ಸಮನಾಗಿ ಬೀಳುತ್ತೆ, ಗುಡ್ಡ ಮಾಡಲ್ಲ. ನನ್ನ ಭಾಗಾಕಾರ ಸುಳ್ಳು ಗುಡ್ಡ ಹುಟ್ಟಿಸುತ್ತಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿರಲಿಲ್ಲ. ಸಿಡಿಲಿನ ಪಟಪಟ ತೆಗೆಯಲು ಮೀಡಿಯನ್ (ಅನುಕ್ರಮದಲ್ಲಿಟ್ಟಾಗ ನಡುವಿಗೆ ಬರುವ ಬೆಲೆ) ಹಾಕಿ ನೋಡಿದೆ. ಹಸಿ ಸ್ಪೆಕ್ಟ್ರಮ್‌ಗಳ ಮೀಡಿಯನ್ ತೆಗೆದರೆ ಬೆಲೆ 0.69 ಪಟ್ಟಿಗೆ ಕುಸಿಯುತ್ತೆ. ಮೊದಲು ಒಂದೊಂದು ಸೆಕೆಂಡಿನ ಸರಾಸರಿ, ಆಮೇಲೆ ಅವುಗಳ ಮೀಡಿಯನ್. ಆಗ ಸರಿ ಬರುತ್ತೆ. ಪಕ್ಕದ ಮನೆಯ ಇನ್ವರ್ಟರ್ ತರುವ ಮುಳ್ಳುಗಳಿಗೆ ಇದು ಯಾವುದೂ ನಡೆಯಲ್ಲ. ಅವು ರ‍್ಯಾಂಡಮ್ ಅಲ್ಲ, ಕೂಡಿಸಿದಷ್ಟೂ ಎದ್ದು ನಿಲ್ಲುತ್ತವೆ. ನಾನೇ ಹೋಗಿ ಬಿಟ್ಟಿಯಾಗಿ ಫೆರೈಟ್ (ವೈರಿಗೆ ಹಾಕುವ, ನಾಯ್ಸ್ ತಡೆಯುವ ಉಂಗುರ) ಹಾಕಿಕೊಟ್ಟು ಬಂದೆ.

ನಮ್ಮ ಶರಾವತಿ ಹಿನ್ನೀರಿನ ವಿಷಯ ಹೇಳದೆ ಬಿಡಲಾರೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಸಾರಸ್ 3 ಎಂಬ ರೇಡಿಯೋಮೀಟರಿನ (ರೇಡಿಯೋ ಪವರ್ ಅಳೆಯುವ ಯಂತ್ರ) ಆಂಟೆನಾವನ್ನು ತೇಲಿಬಿಟ್ಟದ್ದು ಇಲ್ಲೇ. ಮೊದಲ ನಕ್ಷತ್ರಗಳ ಕಾಲದ ಇದೇ ಹೈಡ್ರೋಜನ್ ಗೆರೆಯನ್ನು ಹುಡುಕಲು ಬಂದಿದ್ದರು. ಆಂಟೆನಾದ ಅಡಿಯ ನೆಲವೂ ನಾಯ್ಸ್ ಕೊಡುತ್ತೆ, ಅದೂ ಪದರ ಪದರವಾಗಿ. ನೀರು ಒಂದೇ ಸಮ. ಆಸ್ಟ್ರೇಲಿಯಾದಲ್ಲಿ ಮಾಡಿದ ಅಳತೆಯಿಂದ 2018ರಲ್ಲಿ ಬಂದಿದ್ದ, ಆ ಕಾಲದ ಗುರುತು ಸಿಕ್ಕಿತು ಅನ್ನುವ ದೊಡ್ಡ ಘೋಷಣೆ ನಿಲ್ಲುವುದಿಲ್ಲ ಅಂತ ಅವರು 2022ರಲ್ಲಿ ಪ್ರಕಟಿಸಿದರು. ನಮ್ಮ ಹಿನ್ನೀರಿನ ಮೇಲೆ ಆದ ಕೆಲಸ! ಇದನ್ನು ಓದಿದ ಮೇಲೇ ನಾನು ಹಾರ್ನ್ ಸುತ್ತ ತಗಡಿನ ಪಟ್ಟಿ ಕಟ್ಟಿ ನೆಲ ಕಾಣದಂತೆ ಮಾಡಿದ್ದು.

ಮೇ ಮೂರನೇ ವಾರ ಗೆಳೆಯ ಬಂದ. ಗುಡ್ಡ ಅಷ್ಟರಲ್ಲಿ ನಾಲ್ಕು ಗಂಟೆಯ ಹತ್ತಿರಕ್ಕೆ ಸರಿದಿತ್ತು. ನೋಡಿದ, ಸುಮ್ಮನಿದ್ದ. ಆಮೇಲೆ ಮತ್ತೆ ಅದೇ ಪ್ರಶ್ನೆ: "ಎಂಟು ಬಿಟ್ಟು ಹೇಗೆ ಸಾಕಾಯಿತು?" ಸ್ಯಾಂಪಲ್‌ಗಳು 12-15 ಮೆಟ್ಟಿಲಷ್ಟು ಕುಣಿಯುವಂತೆ ಗೇನ್ ಇಟ್ಟಿದ್ದೇನೆ, ನಾಯ್ಸೇ ಮೆಟ್ಟಿಲುಗಳ ನಡುವಿನ ಜಾಗ ತುಂಬುತ್ತೆ ಅಂದೆ. ಅವನ ಮುಖದಲ್ಲಿ ಅನುಮಾನ ಹಾಗೇ ಇತ್ತು. ಸರಿ, ಎಂಟು ಬಿಟ್ಟೂ ಬೇಡ ಅಂದೆ. ರೆಕಾರ್ಡ್ ಮಾಡಿದ್ದ ಫೈಲಿನಲ್ಲಿ ಡಿಸಿ ಕಳೆದು, ಪ್ರತಿ ಸ್ಯಾಂಪಲಿನ ಪ್ಲಸ್, ಮೈನಸ್ ಚಿಹ್ನೆಯನ್ನಷ್ಟೇ ಉಳಿಸಿದೆ. ಅಂದರೆ ಒಂದೇ ಬಿಟ್. ಬೇಕಾದದ್ದು ಎರಡೂವರೆ ಪಟ್ಟು ಸಮಯ. ಗುಡ್ಡ ಅದೇ ಜಾಗದಲ್ಲಿ ಬಂತು. 1963ರಲ್ಲಿ ವೈನ್‌ರೆಬ್ ಮತ್ತು ಜೊತೆಗಾರರು ಆಕಾಶದಲ್ಲಿ ಒಎಚ್ ಅಣುಗುಂಪನ್ನು ಹಿಡಿದದ್ದು ಇಂಥ ಒಂದು ಬಿಟ್ಟಿನ ಯಂತ್ರದಲ್ಲೇ. ಗೆಳೆಯ ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದ. ಟೇಪ್ ಹಿಡಿದು ಟಿನ್ನಿನ ಅಳತೆಯನ್ನೂ ತೆಗೆದುಕೊಂಡ. ಪ್ರೋಬ್ ಬಿಚ್ಚಿ ತೋರಿಸಲಿಲ್ಲ.

ಆ ಹದಿನಾಲ್ಕೂವರೆ ಸಾವಿರದಲ್ಲಿ ಐದು ಸಾವಿರ ಚಿಲ್ಲರೆ ಪೂರ್ತಿ ನಷ್ಟ. ಈ ತಪ್ಪುಗಳಿಲ್ಲದೆ ಮಾಡಿದ್ದರೆ ಒಂಬತ್ತು, ಒಂಬತ್ತೂವರೆ ಸಾಕಾಗುತ್ತಿತ್ತು.

ಮಳೆ ಶುರುವಾಗಿದೆ. ಹಾರ್ನ್ ಅಟ್ಟದ ಮೇಲಿದೆ. ಆಕಾಶಗಂಗೆಯ ಇನ್ನೊಂದು ಬದಿ, ಮಿಥುನದ ಕಡೆಯದ್ದು, ಜನವರಿ ನಡುವಿನಲ್ಲಿ ರಾತ್ರಿ ಹನ್ನೊಂದರ ಹತ್ತಿರ ನೆತ್ತಿಗೆ ಬರುತ್ತೆ. ಆ ಕಡೆ ಗುಡ್ಡ ಕಿರಿದಾಗಿರಬೇಕು, ಒಂದೇ ಕೋಡು ಇರಬೇಕು. ಅಷ್ಟರೊಳಗೆ ಥರ್ಮೊಕೋಲ್ ಪೆಟ್ಟಿಗೆಗೆ ಒಂದು ಥರ್ಮೋಸ್ಟಾಟ್ ಕೂರಿಸುತ್ತಿದ್ದೇನೆ. ನಾಲ್ಕು ನಿಮಿಷವನ್ನು ಹತ್ತಕ್ಕೆ ತರಬೇಕು.