ಮೈಲಿ, ಕಿಲೋಮೀಟರ್, ಸೆಂಟು: ತೋಟದ ಹವಾಮಾನ ಲೆಕ್ಕ ಕೆಡದಂತೆ

ಕೊಡಗಿನ ತೋಟಗಳಲ್ಲಿ ಹವಾಮಾನ ಯಂತ್ರದ ಲೆಕ್ಕವನ್ನು ಡೇಟಾಬೇಸ್‌ಗೆ ಹಾಕುವವರು ಗಮನಿಸಿ. ಗಾಳಿಯ ಕಾಲಂಗೆ ಬರೀ 'ವೇಗ' ಎಂದು ಹೆಸರಿಡಬೇಡಿ, 'ವೇಗ_ಕಿಮೀ_ಗಂಟೆ' ಎಂದಿಡಿ. ಇಲ್ಲದಿದ್ದರೆ 30 ಅಂದರೆ ಮೈಲಿಯೋ ಕಿಲೋಮೀಟರೋ ಎಂದು ಮುಂದಿನ ವರ್ಷ ನಿಮಗೇ ತಿಳಿಯದು.

1 ಮೈಲಿ ಸರಿಯಾಗಿ 1.609344 ಕಿ.ಮೀ. ಹಿಂದಕ್ಕೆ ತಿರುಗಿಸುವಾಗ ಇದೇ ಸಂಖ್ಯೆಯಿಂದ ಭಾಗಿಸಿ. 1.6, 0.62 ಎಂದು ಅಂದಾಜು ಹಾಕಿದರೆ 100 ಮೈಲಿ ಹೋಗಿ ಬರುವಷ್ಟರಲ್ಲಿ 99.2 ಆಗಿರುತ್ತದೆ.

ಗಂಟೆಯ ಕಿಲೋಮೀಟರನ್ನು ಸೆಕೆಂಡಿನ ಮೀಟರಿಗೆ ತರಲು (5/18) ಬಳಸುತ್ತೀರಾ? ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶಗಳಲ್ಲಿ ಅದು ಪೂರ್ಣಾಂಕ ಭಾಗಾಕಾರ (ದಶಮಾಂಶ ಬಿಟ್ಟುಹೋಗುತ್ತದೆ), ಉತ್ತರ ಸೊನ್ನೆ! ಗಾಳಿಯೇ ಬೀಸದಂತೆ ಕಾಣುತ್ತದೆ. 5.0/18 ಎಂದು ಬರೆಯಿರಿ. ಮೈಎಸ್‌ಕ್ಯೂಎಲ್‌ನಲ್ಲಿ ಈ ಕಾಟವಿಲ್ಲ.

ಮಳೆಯದ್ದು ಇದಕ್ಕಿಂತ ದೊಡ್ಡ ತಲೆನೋವು. ನಮ್ಮ ಹಳೇ ಪುಸ್ತಕಗಳೆಲ್ಲ ಇಂಚು, ಸೆಂಟಿನಲ್ಲಿವೆ. 100 ಸೆಂಟಿಗೆ 1 ಇಂಚು, ಅಂದರೆ 25.4 ಮಿ.ಮೀ. '1 ಇಂಚು 5 ಸೆಂಟು' ಎಂಬುದು 1.05, ಅದನ್ನು 1.5 ಎಂದು ಟೈಪ್ ಮಾಡಿದರೆ 26.67 ಮಿ.ಮೀ. ಮಳೆ 38.1 ಆಗಿಬಿಡುತ್ತದೆ. ಇಂಚು, ಸೆಂಟು ಎರಡು ಬೇರೆ ಕಾಲಂಗಳಲ್ಲಿರಲಿ.

ಪರಿವರ್ತಿಸಲು ಮೂಲ ಅಂಕಿಯ ಮೇಲೆ ಅಪ್‌ಡೇಟ್ (ಅಂಕಿಯನ್ನೇ ಬದಲಿಸುವ ಆದೇಶ) ಓಡಿಸಬೇಡಿ. ತಪ್ಪಿ ಎರಡು ಸಲ ಓಡಿದರೆ ಎರಡು ಸಲ ಗುಣಿಸುತ್ತದೆ. ಪರಿವರ್ತನೆಯನ್ನು ವ್ಯೂ (ಮೂಲ ಅಂಕಿ ಮುಟ್ಟದೆ ಲೆಕ್ಕ ಹಾಕಿ ತೋರಿಸುವ, ಉಳಿಸಿಟ್ಟ ಕ್ವೆರಿ) ಒಳಗೆ ಬರೆದಿಡಿ.