ಮಲಗುವ ಮುಂಚೆ ಡೈರಿಯಲ್ಲಿ ಏನು ಬರೆಯಬೇಕು?

ಹಾಸಿಗೆಗೆ ಹೋದ ಮೇಲೂ ತಲೆಯಲ್ಲಿ ನಾಳೆಯ ಕೆಲಸಗಳೇ ಓಡುತ್ತಿರುತ್ತವೆ ಅನ್ನುವವರು ದಯವಿಟ್ಟು ಡೈರಿ ಬರೆದು ನೋಡಿ. ಇಡೀ ದಿನದ ಕಥೆ ಬೇಡ. ಮೊದಲು ನಾಳೆ ಮಾಡಬೇಕಾದ್ದನ್ನು ಬಿಡಿಸಿ ಬರೆಯಿರಿ. ಸುಮ್ನೆ "ಬ್ಯಾಂಕ್ ಕೆಲಸ" ಅಂತಲ್ಲ, "ಹನ್ನೊಂದಕ್ಕೆ ಬ್ಯಾಂಕ್, ಅಮ್ಮನ ಪಾಸ್‌ಬುಕ್, ಆಧಾರ್ ಜೆರಾಕ್ಸ್ ಬ್ಯಾಗಿಗೆ ಹಾಕಬೇಕು" ಅಂತ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರ 2018ರ ಅಧ್ಯಯನದಲ್ಲಿ, ಮಲಗುವ ಮುಂಚೆ 5 ನಿಮಿಷ ಹೀಗೆ ಬರೆದವರಿಗೆ ಮುಗಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆ ಬಂತು. ಪಟ್ಟಿಯಲ್ಲಿ ವಿವರ ಜಾಸ್ತಿ ಇದ್ದಷ್ಟೂ ಇನ್ನೂ ಬೇಗ.

ಆಮೇಲೆ ನಾಲ್ಕು ಸಾಲು ಮನಸ್ಸಿನ ಮಾತು. "ಬೇಜಾರಾಯಿತು" ಅಂತ ಅಷ್ಟಕ್ಕೇ ಬಿಡಬೇಡಿ. ಯಾರ ಯಾವ ಮಾತು ಚುಚ್ಚಿತು, ಯಾಕೆ ಚುಚ್ಚಿತು ಅಂತಲೂ ಬರೆಯಿರಿ. ಕಾಗದದ ಮೇಲೆ ನೋಡಿದಾಗ ಎಷ್ಟೋ ಸಿಟ್ಟು ಅಲ್ಲೇ ಇಳಿಯುತ್ತದೆ.

ಪದೇ ಪದೇ ತಲೆನೋವು ಬರುವವರಿಗಂತೂ ಡೈರಿ ಬೇಕೇ ಬೇಕು. ದಿನಾಂಕ, ನೋವು ಶುರುವಾದ ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಊಟ ತಪ್ಪಿಸಿದ್ದು, ನುಂಗಿದ ಮಾತ್ರೆ ಎಲ್ಲ ಗುರುತು ಹಾಕಿಕೊಳ್ಳಿ. "ತಿಂಗಳಿಗೆ ಎಷ್ಟು ಸಲ ಬರುತ್ತೆ?" ಅಂತ ಡಾಕ್ಟರ್ ಕೇಳಿದರೆ ಅಂದಾಜಿನಲ್ಲಿ ಹೇಳಬೇಕಾಗಿಲ್ಲ, ಪುಟ ತೋರಿಸಿದರೆ ಆಯಿತು.

ತಾರೀಖು ಅಚ್ಚಾದ ಡೈರಿಗಿಂತ ಸಾದಾ ನೋಟ್‌ಬುಕ್ಕೇ ಒಳ್ಳೆಯದು. ನಡುವೆ ನಾಲ್ಕು ದಿನ ಬಿಟ್ಟರೂ ಖಾಲಿ ಪುಟಗಳು ಉಳಿಯುವುದಿಲ್ಲ, ಅಲ್ವಾ? ಮತ್ತೆ ಅದನ್ನು ಬೇರೆಯವರ ಕೈಗೆ ಸಿಗದ ಕಡೆ ಇಡಿ. ಯಾರಾದರೂ ಓದಿಬಿಡುತ್ತಾರೆ ಅನ್ನುವ ಅಳುಕಿದ್ದರೆ ನಿಜ ಬರೆಯಲು ಕೈ ಬರುವುದಿಲ್ಲ.