ಒಂದೇ ಚಿತ್ರದಿಂದ ನನ್ನ ತಾಣ ನಿಂತುಹೋದದ್ದು: ನನ್ನ ಅನುಭವ

ಹೊಯ್ಸಳ ಶಿಲ್ಪಗಳ ಛಾಯಾಚಿತ್ರಗಳಿಗಾಗಿಯೇ ನಾನು ನಡೆಸುತ್ತಿರುವ ಚಿಕ್ಕ ಜಾಲತಾಣವು ತಿಂಗಳ ಮಧ್ಯದಲ್ಲಿಯೇ ಬ್ಯಾಂಡ್‌ವಿಡ್ತ್ ಮಿತಿ (ತಿಂಗಳಿಗೆ ತಾಣ ಕಳುಹಿಸಬಹುದಾದ ದತ್ತಾಂಶದ ಮಿತಿ) ಮೀರಿ ಸ್ಥಗಿತಗೊಂಡಾಗ, ಓದುಗರು ಹೆಚ್ಚಿರಬೇಕೆಂದು ಭಾವಿಸಿದ್ದೆ. ತಾಣಕ್ಕೆ ಬಂದ ಕೋರಿಕೆಗಳ ದಾಖಲೆಯಾದ ಸರ್ವರ್ ಲಾಗ್ ತೆರೆದು ನೋಡಿದರೆ, ಬೇಲೂರಿನ ದರ್ಪಣಸುಂದರಿಯ ಒಂದೇ ಚಿತ್ರಕ್ಕೆ ಸಾಲುಸಾಲಾಗಿ ಕೋರಿಕೆಗಳು ಬಂದಿದ್ದವು. ಕೋರಿಕೆ ಯಾವ ಪುಟದಿಂದ ಬಂತೆಂದು ತಿಳಿಸುವ 'ರೆಫರರ್' ಜಾಗದಲ್ಲಿದ್ದುದು ಮಾತ್ರ, ಚಿತ್ರದ ಕೊಂಡಿಯನ್ನು ಕೇಳದೆಯೇ ತನ್ನ ಪುಟಕ್ಕೆ ಅಂಟಿಸಿಕೊಂಡಿದ್ದ ಬೇರೊಂದು ತಾಣದ ವಿಳಾಸ. 2 ಎಂಬಿಯ ಚಿತ್ರ ಹೀಗೆ ನನ್ನ ಸರ್ವರ್‌ನಿಂದಲೇ 10,000 ಬಾರಿ ತೆರೆದುಕೊಂಡರೆ ಸುಮಾರು 20 ಜಿಬಿ ಖರ್ಚಾಗುತ್ತದೆ. ಓದುಗರು ಅವರಿಗೆ, ಖರ್ಚು ನನಗೆ, ಚಿತ್ರ ತೆಗೆದವರ ಹೆಸರು ಎಲ್ಲಿಯೂ ಇಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನನ್ನ ತಾಣ ನಡೆಯುವ ಅಪಾಚೆ ಎಂಬ ಸರ್ವರ್ ತಂತ್ರಾಂಶದ ಡಾಟ್ ಎಚ್‌ಟಿಆಕ್ಸೆಸ್ ಎಂಬ ಸೂಚನಾ ಕಡತದಲ್ಲಿ, ಕೋರಿಕೆಗಳನ್ನು ಪರಿಶೀಲಿಸಿ ತಿರುಗಿಸುವ ರೀರೈಟ್ ನಿಯಮವೊಂದನ್ನು ಬರೆದು, ಅನ್ಯ ತಾಣಗಳಿಂದ ಬರುವ ಕೋರಿಕೆಗಳಿಗೆ ಚಿತ್ರದ ಬದಲು 403, ಅಂದರೆ 'ಅನುಮತಿಯಿಲ್ಲ' ಎಂಬ ಉತ್ತರ ಹೋಗುವಂತೆ ಮಾಡಿದೆ. ಕೆಲವು ಬ್ರೌಸರ್‌ಗಳು ಖಾಸಗಿತನಕ್ಕಾಗಿ ರೆಫರರ್ ಕಳುಹಿಸುವುದೇ ಇಲ್ಲವಾದ್ದರಿಂದ, ಅದು ಖಾಲಿಯಿದ್ದರೆ ಅನುಮತಿ ಕೊಟ್ಟೆ, ಹುಡುಕುತಾಣಗಳಿಗೂ ಕೊಟ್ಟೆ. ಆದರೂ ನಿಯಮ ಮೊದಲಿಗೆ ಯಾರನ್ನೂ ತಡೆಯಲಿಲ್ಲ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಯಾದ ಎಚ್‌ಟಿಟಿಪಿಯ 1996ರ ದಾಖಲೆಯಲ್ಲಿ 'ರೆಫರರ್' ಪದದ ಇಂಗ್ಲಿಷ್ ಕಾಗುಣಿತದಿಂದ ಒಂದು 'ಆರ್' ಬಿಟ್ಟುಹೋಗಿದೆ. ನಾನು ಸರಿಯಾದ ಕಾಗುಣಿತವನ್ನು ಬರೆದಿದ್ದೆ, ಸರ್ವರ್‌ಗೆ ಗೊತ್ತಿರುವುದು ಆ ತಪ್ಪು ರೂಪವೇ. ಅದನ್ನು ತಿದ್ದಿದ ಮೇಲೆ, ಲಾಗ್‌ನಲ್ಲಿ ಆ ತಾಣದ ಪ್ರತಿ ಸಾಲಿನ ಮುಂದೆಯೂ 403 ಕಾಣಿಸಿತು.